ಪಾಲಾಕ್ಷನ ಹುಳು

ಪಾಲಾಕ್ಷನಿಗೆ ತನ್ನದೆನ್ನುವ ಒಂದು ಹುಳುವೂ ಇರಲಿಲ್ಲ. ಮ್ಯೂಸಿಯಂನಲ್ಲಿ ಇದ್ದವೆಲ್ಲ ಬಿಳಿ ದೊರೆಯೊಬ್ಬನವು. ಅವೂ ಈಗ ಒಂದೊಂದಾಗಿ ಕಾಣೆಯಾಗುತ್ತಿದ್ದವು.

ಆ ಬೆಳಿಗ್ಗೆ ಕಪಾಟಿನ ಮೂರನೆಯ ಖಾನೆ ಎಳೆದಾಗ ನೀಲಿ ಚಿಟ್ಟೆಯ ಜಾಗದಲ್ಲಿ ಬರೀ ಸೂಜಿ ನಿಂತಿತ್ತು. ಸೂಜಿಯ ಬುಡದಲ್ಲಿ ಚಿಟಿಕೆಯಷ್ಟು ಕಂದು ಪುಡಿ. ಪಾಲಾಕ್ಷ ಅದನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದ. ಅದೇ ಹೊತ್ತಿಗೆ ಜಗಲಿಯ ಮೇಲೆ ಕಾವಲುಗಾರ ಮಂಚಯ್ಯ ನಶ್ಯ ಏರಿಸಿ ಗಟ್ಟಿಯಾಗಿ ಸೀನಿದ. ಪಾಲಾಕ್ಷನಿಗೆ ಎಲ್ಲವೂ ಹೊಳೆಯಿತು. ಅವನಿಗೆ ಎಲ್ಲವೂ ಬೇಗ ಹೊಳೆಯುತ್ತಿತ್ತು. ಅದೇ ಅವನ ತೊಂದರೆ.

ಹಾಸನದ ಆ ಮ್ಯೂಸಿಯಂ ಎಂದರೆ ಎರಡು ಕೋಣೆ, ಒಂದು ತೇಗದ ಕಪಾಟು. ಕಾಫಿ ತೋಟ ಮಾರಿ ಇಂಗ್ಲೆಂಡಿಗೆ ಹಡಗು ಹತ್ತಿದ ಆ ದೊರೆ ತಾನು ಹಿಡಿದು ಒಣಗಿಸಿದ್ದ ಕೀಟಗಳನ್ನು ಊರಿಗೆ ಬಿಟ್ಟುಹೋಗಿದ್ದ. ಇರುವೆ ಹತ್ತದಂತೆ ಕಪಾಟಿನ ನಾಲ್ಕು ಕಾಲೂ ನೀರಿನ ಬಟ್ಟಲಲ್ಲಿ ನಿಂತಿದ್ದವು. ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ, ಬಿ.ಎಸ್ಸಿ. ಮುಗಿಸಿ, ಕಪ್ಪೆ ಮತ್ತು ಜಿರಲೆ ಕೊಯ್ದ ಅನುಭವದ ಮೇಲೆ ಪಾಲಾಕ್ಷ ಅಲ್ಲಿಗೆ ಕೀಟಗಳನ್ನು ಕಲಿಯಲು ಬಂದಿದ್ದ. ಕ್ಯುರೇಟರ್ ನಂಜಪ್ಪನವರು ಅವನ ಕೈಗೆ ಬೀಗದ ಕೈ ಕೊಟ್ಟು, ಜಮೀನಿನ ವ್ಯಾಜ್ಯಕ್ಕೆಂದು ಚನ್ನರಾಯಪಟ್ಟಣಕ್ಕೆ ಹೊರಟರು.

“ನಾನು ಬಂದಾಗ ಕಪಾಟು ಹೀಗೇ ಇದ್ದರೆ ಮೈಸೂರಿಗೆ ಶಿಫಾರಸು ಮಾಡ್ತೀನಿ. ಎಂ.ಎಸ್ಸಿ. ಸೀಟು ಸಿಕ್ಕ ಹಾಗೇ. ಇಲ್ಲದಿದ್ದರೆ, ಹಳ್ಳಿಮೈಸೂರಿನ ಬಸ್ಸು ಎಲ್ಲಿ ನಿಲ್ಲುತ್ತೆ ಗೊತ್ತಲ್ಲ?”

ಗೊತ್ತಿತ್ತು. ತನ್ನೂರಿನ ಆ ಬಸ್ಸಿನಿಂದಲೇ ಅವನು ಅಮ್ಮ ಶಿವಗಂಗಮ್ಮ ಹೊರಿಸಿದ ಹಳೇ ಕಂಬಳಿಯ ಸಮೇತ ಇಳಿದಿದ್ದ.

ಮೊದಲ ವಾರ ಖಾನೆಗಳಲ್ಲಿದ್ದ ನುಸಿಗುಳಿಗೆಯ ವಾಸನೆಗೆ ಅವನ ತಲೆ ಸಿಡಿಯಿತು. ಅಷ್ಟನ್ನೂ ಆರಿಸಿ ಹಿತ್ತಿಲ ಕಕ್ಕಸಿಗೆ ಹಾಕಿದ. ಕಕ್ಕಸು ಸುಧಾರಿಸಿತು. ಮ್ಯೂಸಿಯಂಗೆ ತನ್ನ ಮೊದಲ ಕೊಡುಗೆ ಎಂದು ತನ್ನನ್ನು ತಾನೇ ಮೆಚ್ಚಿಕೊಂಡ.

ಎರಡನೆಯ ಕೊಡುಗೆ ಕಂಬಳಿ ಕೊಡವಿದಾಗ ಉದುರಿತು. ಅಕ್ಕಿಕಾಳಿಗಿಂತ ಚಿಕ್ಕ ಹುಳುಗಳು, ಮೈತುಂಬ ಕಂದು ಕೂದಲು. ಕಪಾಟಿನ ಯಾವ ಖಾನೆಯಲ್ಲೂ ಅಂಥದೊಂದಿರಲಿಲ್ಲ. ದೊರೆಯ ಬಲೆಗೆ ಬೀಳದ್ದು ಹಳ್ಳಿಮೈಸೂರಿನ ಕಂಬಳಿಗೆ ಬಿದ್ದಿತ್ತು! ಹೊಸ ಕೀಟಗಳಿಗೆ ಮನುಷ್ಯರ ಹೆಸರನ್ನೇ, ಕೊನೆಗೊಂದು ಲ್ಯಾಟಿನ್ ‘ಇ’ ಹಚ್ಚಿ, ಇಡುತ್ತಾರೆಂದು ಹಾಸ್ಟೆಲಿನ ಲೈಬ್ರರಿಯಲ್ಲಿ ಓದಿದ್ದ. ಕನ್ನಡಿಯ ಮುಂದೆ ನಿಂತು “ಪಾಲಾಕ್ಷಿ” ಎಂದು ಹೇಳಿನೋಡಿದ. ಸೋದರತ್ತೆಯ ಹೆಸರಿನಂತೆ ಕೇಳಿಸಿತು. ಆದರೂ ಪರವಾಗಿಲ್ಲ.

ಬಿಸ್ಕತ್ತಿನ ಡಬ್ಬಿಯಲ್ಲಿ ಹುಳುಗಳನ್ನಿಟ್ಟು, ಹಾಸಿಗೆಗೆಂದು ಕಂಬಳಿಯ ಚೂರು ಹಾಕಿದ. ಗಾಳಿಗೆಂದು ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ. ಸಾಲದೆನ್ನಿಸಿ ದೊಡ್ಡ ಮೊಳೆ ತಂದ. ಇರುವೆ ಹತ್ತದ ಜಾಗ ಅಲ್ಲಿ ಒಂದೇ. ಡಬ್ಬಿ ಕಪಾಟಿನ ಕೆಳಖಾನೆ ಸೇರಿತು.

ಹೊಂಗೆ ಎಲೆ ಕೊಟ್ಟ, ಸಕ್ಕರೆ ಕೊಟ್ಟ, ಮುದ್ದೆಯ ಚೂರೂ ಕೊಟ್ಟ. ಯಾವುದನ್ನೂ ಅವು ಮೂಸಲಿಲ್ಲ. ದಿನ ಕಳೆದಂತೆ ಡಬ್ಬಿಯಲ್ಲಿ ಕಡಿಮೆಯಾಗುತ್ತ ಬಂದವು. ಹೆಣ ಮಾತ್ರ ಸಿಗಲಿಲ್ಲ. ಒಂದನ್ನೊಂದು ತಿನ್ನುವ ಜಾತಿಯೆಂದು ತೀರ್ಮಾನಿಸಿ, ಅದೂ ಒಂದು ಶೋಧನೆಯೆಂದು ಹಿಗ್ಗಿದ.

ಚಿಟ್ಟೆಗಳು ಕಾಣೆಯಾಗತೊಡಗಿದ್ದು ಆಮೇಲೆ. ಒಂದು ಕಣ್ಣು ಕೀರ್ತಿಯ ಮೇಲೆ, ಇನ್ನೊಂದು ಕಳ್ಳನ ಮೇಲೆ. ಮೂರನೆಯ ಕಣ್ಣು ಅವನಿಗೆ ಹೆಸರಿನಲ್ಲಷ್ಟೇ ಇತ್ತು.

“ಮಂಚಯ್ಯ, ಚಿಟ್ಟೆ ಎಲ್ಲಿ?”

“ಯಾವ್ ಚಿಟ್ಟೆ ಸಾ?”

“ಸೂಜಿ ಬಿಟ್ಟು ಚಿಟ್ಟೆ ಮಾತ್ರ ಎತ್ತಿದ್ದೀಯ. ನಿನ್ನ ನಶ್ಯ ಅಲ್ಲೇ ಬಿದ್ದಿದೆ.”

“ಕದಿಯಂಗಿದ್ರೆ ಸೂಜಿ ಕದೀತಿದ್ದೆ ಕಣ್ ಸಾ. ಕಾಲಿನ್ ಮುಳ್ಳಾದ್ರೂ ತಗೀಬೋದು. ಸತ್ ಉಳ ತಕ್ಕೊಂಡೋಗಿ ಏನ್ ಸಾರ್ ಮಾಡ್ಲಾ?”

“ಬೆಂಗಳೂರಲ್ಲಿ ಅದಕ್ಕೆ ಬೆಲೆ ಇದೆ.”

“ಅಂಗಾರೆ ನೀವೇ ಮಾರಿರ್ಬೇಕು. ಒಳೀಕೆ ಮಲಗೋರು ನೀವು. ನಾನು ಜಗಲಿ ಮ್ಯಾಗಿರೋನು.”

ಪಾಲಾಕ್ಷನಿಗೆ ರೇಗಿತು. ಸಾಕ್ಷಿಗೆಂದು ನಶ್ಯದ ಡಬ್ಬಿ ಕಿತ್ತುಕೊಂಡ. ನಂಜಪ್ಪನವರು ಬರುವವರೆಗೆ ಹೊಸಿಲು ದಾಟಕೂಡದೆಂದ.

“ಡಬ್ಬಿ ಕೊಡಿ ಸಾ. ಅದಿಲ್ದೆ ಕೈಕಾಲಾಡಕಿಲ್ಲ,” ಎಂದ ಮಂಚಯ್ಯ. ಪಾಲಾಕ್ಷ ಬಾಗಿಲು ಹಾಕಿಕೊಂಡ.

ಕಳ್ಳತನ ನಿಲ್ಲಲಿಲ್ಲ, ಹೆಚ್ಚಿತು. ಬಾಗಿಲಿಗೆ ಬೀಗವಿತ್ತು, ಮಂಚಯ್ಯ ನಕಲಿ ಬೀಗದ ಕೈ ಮಾಡಿಸಿದ್ದಾನೆ ಎಂದುಕೊಂಡ. ನಶ್ಯದ ಡಬ್ಬಿ ತನ್ನ ಜೇಬಿನಲ್ಲೇ ಇತ್ತು, ಆದರೂ ಕಂದು ಪುಡಿ ಎಲ್ಲ ಖಾನೆಗಳಲ್ಲೂ ಬೀಳುತ್ತಿತ್ತು. ಇನ್ನೊಂದು ಡಬ್ಬಿ ಕೊಂಡಿದ್ದಾನೆ ಎಂದುಕೊಂಡ. ಅಷ್ಟು ಬುದ್ಧಿವಂತ ಕಳ್ಳನನ್ನು ಹಿಡಿದದ್ದಕ್ಕೆ ತನ್ನ ಬಗ್ಗೆ ಗೌರವ ಬಂತು.

ನಂಜಪ್ಪನವರು ವ್ಯಾಜ್ಯ ಸೋತು ಬಂದರು. ಚಪ್ಪಲಿ ಬಿಡುವ ಮೊದಲೇ ಪಾಲಾಕ್ಷ ಶುರುಮಾಡಿದ.

“ಮಂಚಯ್ಯನನ್ನ ಇವತ್ತೇ ಕೆಲಸದಿಂದ ತೆಗೀಬೇಕು ಸಾರ್. ಚಿಟ್ಟೆ ಕಳ್ಳ. ಹೋದದ್ದು ಹೋಗಲಿ, ಅದಕ್ಕಿಂತ ದೊಡ್ಡದೊಂದು ನಾನು ಸಂಪಾದಿಸಿದ್ದೀನಿ.”

“ತೋರಿಸು.”

ಬಿಸ್ಕತ್ತಿನ ಡಬ್ಬಿಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತಂದಿಟ್ಟ. ಒಳಗೆ ಒಂದೇ ಒಂದು ಉಳಿದಿತ್ತು. ನಂಜಪ್ಪನವರು ಭೂತಗನ್ನಡಿ ಹಿಡಿದರು. ಹುಳುವನ್ನು ನೋಡಿದರು. ಮುಚ್ಚಳದ ತೂತುಗಳನ್ನು ನೋಡಿದರು. ಕಪಾಟು ತೆರೆದು ಖಾನೆಗಳ ನುಸಿಗುಳಿಗೆಯಿಲ್ಲದ ಖಾಲಿ ಮೂಲೆಗಳನ್ನು ನೋಡಿದರು. ಕೊನೆಗೆ, ಭೂತಗನ್ನಡಿ ಇಳಿಸದೆ, ಪಾಲಾಕ್ಷನನ್ನು ನೋಡಿದರು.

“ಇದಕ್ಕೊಂದು ಹೆಸರಿಡಬೇಕು ಸಾರ್,” ಎಂದ ಪಾಲಾಕ್ಷ, ನಾಚಿಕೊಂಡು.

“ಇನ್ನೂರು ವರ್ಷದ ಹಿಂದೆಯೇ ಇಟ್ಟಾಗಿದೆ ಕಣಯ್ಯಾ. ಮ್ಯೂಸಿಯಂ ಹುಳು ಅಂತ. ಉಣ್ಣೆ ಸಿಕ್ಕರೆ ಉಣ್ಣೆ ತಿನ್ನುತ್ತೆ. ಒಣಗಿದ ಕೀಟ ಸಿಕ್ಕರೆ ಸೂಜಿ ಮಾತ್ರ ಬಿಡುತ್ತೆ. ನೀನು ನಶ್ಯ ಅಂತ ಮೂಸಿದ್ದು ಅದರ ಹಿಕ್ಕೆ.”

ಜಗಲಿಯಿಂದ ಮಂಚಯ್ಯ ಕೂಗಿದ: “ಸಾ, ನನ್ ಡಬ್ಬಿ?”

ಡಬ್ಬಿ ವಾಪಸಾಯಿತು. ವಾಪಸಾಗದೆ ಹೋದದ್ದು: ಚಿಟ್ಟೆ ಇನ್ನೂರ ಹನ್ನೊಂದು, ಜೀರುಂಡೆ ತೊಂಬತ್ತಾರು, ಕಂಬಳಿ ಅರ್ಧ, ಮೈಸೂರಿನ ಸೀಟು ಒಂದು.