ಒಂದು ಬೆರಳು ಶೇಂಗಾ ಚಟ್ನಿ

ತಾಯಿ ತಿಂದದ್ದು ಹಾಲಿನಲ್ಲಿ ಬಂದು ಒಗ್ಗಿದರೆ ಕೂಸು ಗಾಳಿಯಲ್ಲಿ ತೇಲಿ ಮೇಲೇಳುತ್ತದೆ, ಒಗ್ಗದಿದ್ದರೆ ಮೈಗೆ ದದ್ದೇಳುತ್ತದೆ. ಅದಕ್ಕೇ ಎಲ್ಲ ಬಾಣಂತಿಯರಂತೆ ನೀಲವ್ವನೂ ಮಗಳ ಉಡದಾರಕ್ಕೆ ಹಗ್ಗ ಕಟ್ಟಿಯೇ ಹಾಲೂಡಿಸುತ್ತಿದ್ದಳು.

ಹಿರಿಮಗನಿಗೆ ಶೇಂಗಾ ತಿಂದು ಮುಖ ಊದಿದಂದಿನಿಂದ ಮನೆಯಲ್ಲಿ ಶೇಂಗಾ ಇರಲಿಲ್ಲ. ಇವತ್ತು ನೀಲವ್ವ ನೆರೆಮನೆಯಲ್ಲಿ ಒಂದು ಬೆರಳು ಶೇಂಗಾ ಚಟ್ನಿ ನೆಕ್ಕಿ ಬಂದಿದ್ದಳು.

ಹಾಲು ಕುಡಿದ ಕೂಸು ಮೇಲೇಳಲಿಲ್ಲ.

“ಬಾಯಾಗಿನ ವಾಸನಿನ ಹೇಳತೈತಿ! ನಾಲಿಗಿ ಚಪಲಕ್ಕ ಕೂಸಿನ ಜೀವಕ್ಕ ಕುತ್ತು ತಂದ್ಯೇನಬೇ?” ಎಂದು ನೀಲವ್ವನ ಅವ್ವ ಗದರಿದಳು.

ನೀಲವ್ವ ಕೂಸಿನ ಬೆನ್ನು ತಟ್ಟಿದಳು. ಕೂಸು ತೇಗಿತು. ತೇಗಿದ್ದೇ ತಡ, ಸರ್ರನೆ ಮೇಲೇರಿ ಜಂತಿಗೆ ತಲೆ ತಾಗಿಸಿ ಕಿಲಕಿಲ ನಕ್ಕಿತು. ನೀಲವ್ವ ನಗುತ್ತ ಅಳುತ್ತ ಹಗ್ಗ ಎಳೆಯಹೋದಳು.

“ತಡಿ, ಇಳಸಬ್ಯಾಡ!” ಅವ್ವ ಕಣ್ಣೊರೆಸಿಕೊಂಡು ಕಸಬರಿಗೆಯನ್ನು ಕೂಸಿನ ಕೈಗೆ ಎತ್ತಿ ಕೊಟ್ಟಳು. “ಹೆಂಗೂ ಮ್ಯಾಲ ಹೋಗ್ಯಾಳ, ಜಂತ್ಯಾಗಿನ ಜ್ಯಾಡರ ಬಲಿ ಹೊಡೀಲಿ.”