ಬಿಗಿ ಮುಚ್ಚಳ

ಪುಟ್ಟ ಹುಡುಗಿ ಗುಬ್ಬಿ ಮುಟ್ಟಿದ್ದೇ ತಡ, ಡಬ್ಬಿಯ ಮುಚ್ಚಳ ಕಳಚಿ ಕೈಗೇ ಬಂತು. ಒಳಗಿದ್ದ ನೀಲಿ ಬಟ್ಟೆ ಕ್ಲಿಪ್ಪುಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡು, ಕುರ್ಚಿಯ ಅಂಚಿಗೆ ಒಂದೊಂದಾಗಿ ಸಿಕ್ಕಿಸತೊಡಗಿದಳು. ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ಥೆರಪಿಸ್ಟ್ ಕನ್ನಡಕ ತೆಗೆದು ಕೆಳಗಿಟ್ಟಳು.

"ಹೋದ ವಾರವೂ ಹೀಗೇ ಆಯ್ತಲ್ಲಮ್ಮಾ. ಮುಚ್ಚಳ ಗಟ್ಟಿಯಾಗಿ ಹಾಕಿಡಿ ಅಂದಿದ್ದೆ. ತನ್ನಿಂದ ಆಗದೆ ಇದ್ರೆ ತಾನೇ ಅವಳು ಇನ್ನೊಬ್ಬರ ಹತ್ರ ಬರೋದು?"

"ಅಂಗೈ ಕೆಂಪಾಗೋ ಹಾಗೆ ಹಾಕಿದ್ದೆ ಮೇಡಂ," ಎಂದ ತಾಯಿ ನಿಧಾನವಾಗಿ ಹಿಂದೆ ತಿರುಗಿದಳು. ಸೋಫಾದ ಮೂಲೆಯಲ್ಲಿ ಕೂತಿದ್ದ ಅವಳ ಅಪ್ಪ, ಗುಬ್ಬಿಯ ತಾತ, ಗೋಡೆ ಗಡಿಯಾರವನ್ನು ಈಗಷ್ಟೇ ಕಂಡವನಂತೆ ನೋಡುತ್ತಿದ್ದ. "ಅಪ್ಪಾ?"

"ಒಂಚೂರು ಸಡಿಲ ಮಾಡಿದೆ ಅಷ್ಟೇ. ಮಗು ಕೈ ನೋಯಲ್ವಾ?"

"ಜೀವಮಾನವಿಡೀ ಊರವರ ನಲ್ಲಿ ಬಿಗಿ ಮಾಡಿದ ಪ್ಲಂಬರ್ ನೀನು! ಮೊಮ್ಮಗಳ ವಿಷಯಕ್ಕೆ ಬಂದ್ರೆ ಮಾತ್ರ ಎಲ್ಲಾ ಸಡಿಲ."

ಮಾತು ಸುಳ್ಳಲ್ಲ. ಗುಬ್ಬಿಗೆ ಬಾಯಾರುವ ಮೊದಲೇ ಲೋಟ ಬರುತ್ತಿತ್ತು, ಕಣ್ಣು ಅಟ್ಟದತ್ತ ಹೊರಳುವ ಮೊದಲೇ ಆಟಿಕೆ ಕೆಳಗಿಳಿಯುತ್ತಿತ್ತು. ನಾಲ್ಕು ವರ್ಷದ ಅವಳಿಗೆ ಇನ್ನೂ ಮಾತು ಬಂದಿರಲಿಲ್ಲ. ಆಟಿಸಂ ಇರುವ ಮಕ್ಕಳಿಗೆ ಆಸ್ಪತ್ರೆಯಲ್ಲಿ ಸಿಗುವಷ್ಟೇ ನೆರವನ್ನು ಪರದೆಯ ಮೂಲಕ ಮನೆಗೇ ತಲುಪಿಸಬಹುದೇ ಎಂಬುದು ಥೆರಪಿಸ್ಟಳ ಸಂಶೋಧನೆ. ತಾಯಿಯ ಆಸೆ ಅದಕ್ಕಿಂತ ಚಿಕ್ಕದು. ಎಲ್ಲರ ಮನೆಯ ಮಕ್ಕಳು ‘ಅದು ಕೊಡು, ಇದು ಕೊಡು’ ಎಂದು ತಾಯಂದಿರ ಪ್ರಾಣ ಹಿಂಡುತ್ತಿದ್ದರು. ತನ್ನ ಪ್ರಾಣವನ್ನೂ ಒಂದು ಸಲ ಹಿಂಡಲಿ ಎಂದು ಅವಳು ಕಾದಿದ್ದಳು.

"ತಾತಾ, ಅವಳು ಹೀಗಿರೋದು ನಿಮ್ಮಿಂದ ಅಲ್ಲ," ಎಂದಳು ಥೆರಪಿಸ್ಟ್. "ಅವಳ ದಾರಿಯೇ ಬೇರೆ. ಆದ್ರೆ ಕೇಳೋಕೆ ಅವಳಿಗೊಂದು ಸಂದರ್ಭ ಬೇಕಲ್ವಾ? ಮಾತೇ ಆಡಬೇಕು ಅಂತಿಲ್ಲ. ‘ಇದು ನನ್ನಿಂದ ಆಗಲ್ಲ, ನೀನು ಮಾಡು’ ಅಂತ ಹೇಗಾದ್ರೂ ತಿಳಿಸಿದ್ರೆ ಸಾಕು. ಆದ್ರೆ ಕೇಳಿದ ತಕ್ಷಣ ತೆಗೆದುಕೊಡ್ಬೇಕು."

"ಮುಂದಿನ ವಾರ ಮುಚ್ಚಳ ಹಾಕೋನು ನಾನು," ಎಂದ ತಾತ. ಮಗಳ ಮಾತು ಅವನ ಕಸುಬಿನ ಮಾನವನ್ನು ಕೆಣಕಿತ್ತು.

ಮುಂದಿನ ವಾರ ಗುಬ್ಬಿ ಡಬ್ಬಿಯನ್ನು ತಿರುಗಿಸಿದಳು, ನೆಲಕ್ಕೆ ಕುಟ್ಟಿದಳು, ಮುಚ್ಚಳವನ್ನು ಕಚ್ಚಿಯೂ ನೋಡಿದಳು. ಒಳಗೆ ಕ್ಲಿಪ್ಪುಗಳು ಗಲಗಲ ಎಂದವೇ ಹೊರತು ಹೊರಗೆ ಬರಲಿಲ್ಲ. ಪರದೆಯಲ್ಲಿ ಥೆರಪಿಸ್ಟ್ ಕ್ಯಾಮರಾದತ್ತ ಬಾಗಿದ್ದಳು. ತಾತ, ತನ್ನ ಕೈಗಳು ಸುಮ್ಮನಿರುತ್ತವೆಂಬ ಭರವಸೆ ಸಾಲದೆ, ಅವನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ.

ಗುಬ್ಬಿ ಎದ್ದಳು. ನೇರ ತಾಯಿಯ ಬಳಿ ಬಂದು, ಅವಳ ಹೆಬ್ಬೆರಳು ಹಿಡಿದೆಳೆದು ಮುಚ್ಚಳದ ಮೇಲಿಟ್ಟಳು.

"ಕೇಳಿದ್ಳು! ತೆಗೀರಿ, ಬೇಗ ತೆಗೀರಿ!" ಪರದೆ ಕೂಗಿತು.

ತಾಯಿ ತಿರುಗಿಸಿದಳು. ಕಣ್ಣು ಮಂಜಾಗಿತ್ತು, ಮತ್ತೆ ತಿರುಗಿಸಿದಳು. "ಬರ್ತಾನೇ ಇಲ್ಲ ಮೇಡಂ! ಅಪ್ಪಾ, ಏನು ಹಾಕಿ ಬಿಗಿದಿದ್ದೀಯ?"

"ಪೈಪ್ ರೆಂಚು," ಎಂದ ತಾತ ಸಣ್ಣ ದನಿಯಲ್ಲಿ.

ಗುಬ್ಬಿ ಕಾಯಲಿಲ್ಲ. ತಾಯಿಯಿಂದ ಡಬ್ಬಿ ಕಿತ್ತುಕೊಂಡು ಸೋಫಾದತ್ತ ನಡೆದಳು. ತಾತನ ತೊಡೆಯ ಕೆಳಗಿನಿಂದ ಒಂದು ಕೈ ಹೊರಗೆಳೆದು ಮುಚ್ಚಳದ ಮೇಲಿಟ್ಟಳು. ಮುಚ್ಚಳ ನೋಡಿದಳು, ತಾತನ ಮುಖ ನೋಡಿದಳು, ಮತ್ತೆ ಮುಚ್ಚಳ ನೋಡಿದಳು. ತಾತ ಹಲ್ಲು ಕಚ್ಚಿ ತಿರುಗಿಸಿದ. ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು. ಕೈ ಜಾರಿತೆಂದು ಗುಬ್ಬಿ ಅದನ್ನು ಮತ್ತೆ ಎತ್ತಿ ಮುಚ್ಚಳದ ಮೇಲಿಟ್ಟಳು.

ನೆರವಿಗೆಂದು ಬಗ್ಗಿದ ತಾಯಿಗೆ ಕಂಡಿತು: ಮುಚ್ಚಳ ಆಗಲೇ ಎರಡು ಸುತ್ತು ತಿರುಗಿ, ತಾತನ ಅಂಗೈಯಡಿ ಸುಮ್ಮನೆ ಕೂತಿತ್ತು.

"ಅಪ್ಪಾ! ಅದು ಬಿಚ್ಚಿದೆ..."

"ಶ್ಶ್," ಎಂದ ತಾತ, ಮೊಮ್ಮಗಳ ಮುಖದಿಂದ ಕಣ್ಣು ಕೀಳದೆ. "ಇನ್ನೊಂದ್ಸಲ ಕೇಳ್ಲಿ."