ಎಂಟನೇ ಟ್ರ್ಯಾಕು

“ಎಂಟನೇ ಟ್ರ್ಯಾಕ್ ಖಾಲಿ ಇದೆ. ಅದಕ್ಕೆ ಟೈಮ್‌ಕೋಡ್ ಹಾಕಿಬಿಡಮ್ಮ, ಹಾಡು ಪಿಕ್ಚರ್ ಜೊತೆ ಕೂರಬೇಕು,” ಎಂದರು ಸ್ಟುಡಿಯೋ ಮಾಲೀಕರು.

ಹೊಸದಾಗಿ ಸೇರಿದ್ದ ರೆಕಾರ್ಡಿಸ್ಟ್ ಹುಡುಗಿಗೆ ಅನುಮಾನ. ಟೈಮ್‌ಕೋಡ್ ಅಂದರೆ ಟ್ರ್ಯಾಕಿನ ಉದ್ದಕ್ಕೂ ತುಂಬುವ ಸಮಯದ ಸಂಕೇತ; ಹಾಕಿದರೆ ಅಲ್ಲಿದ್ದದ್ದು ಅಳಿಸಿಹೋಗುತ್ತದೆ. ಯಾವುದಕ್ಕೂ ಇರಲಿ ಎಂದು ಟೇಪನ್ನು ಒಮ್ಮೆ ಓಡಿಸಿದಳು. ಹೆಡ್‌ಫೋನಿನಲ್ಲಿ ಹೆಣ್ಣು ದನಿಯೊಂದು ಕೇಳಿಸಿತು: “ಸರ್, ಬಾಗಿಲು ತೆಗೀರಿ. ನಾನು ಮನೆಗೆ ಹೋಗ್ಬೇಕು.” ಆಮೇಲೆ ಏನೋ ಬಿದ್ದ ಸದ್ದು, ಅಳು.

ಅವಳು ಟೇಪ್ ನಿಲ್ಲಿಸಿ ಹೆಡ್‌ಫೋನ್ ತೆಗೆದಳು.

“ಸರ್, ಇದು ಖಾಲಿ ಇಲ್ಲ. ಯಾರೋ ಮಾತಾಡಿದಾರೆ.”

“ನಿನಗಿಂತ ಮುಂಚೆ ಇದ್ದ ಹುಡುಗಿ. ಮೈಕ್ ಆನ್ ಇಟ್ಟಿದ್ದು ನಂಗೆ ಗೊತ್ತಿರ್ಲಿಲ್ಲ.”

“ಬೇರೆ ಟ್ರ್ಯಾಕಿಗೆ ಹಾಕಲಾ ಸರ್?”

“ಬೇಡ, ಅದರ ಮೇಲೇ ಹಾಕು,” ಎಂದು ಅವರು ಎದ್ದು ಹೋಗಿ ಬಾಗಿಲಿನ ಒಳಚಿಲಕ ಹಾಕಿದರು.